ಕಾಲಿನ ಡಾಪ್ಲರ್ ಸ್ಕ್ಯಾನ್: ನಿಲ್ಲಿಸಿ ಮಾಡಿದರಾ, ಮಲಗಿಸಿ ಮಾಡಿದರಾ?

ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳ ಉಬ್ಬಿ ತಿರುಚಿಕೊಳ್ಳುವ ತೊಂದರೆ) ಅಂತ ಯಾರಾದರೂ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನಿನ ರಿಪೋರ್ಟ್ ತೋರಿಸಿದರೆ ನಾನು ಮೊದಲು ಕೇಳುವುದು ಇದನ್ನೇ. ಮಲಗಿಸಿಯೇ ಮುಗಿಸಿದರು ಅಂದರೆ, ಆ ಒಂದು ಹಾಳೆ ನಂಬಿಕೊಂಡು ಉಬ್ಬಿದ ನಾಳ ಮುಚ್ಚುವ ಲೇಸರ್ ಮಾಡಿಸುವುದೂ ಬೇಡ, ಏನೂ ಇಲ್ಲ ಅಂತ ನಿಶ್ಚಿಂತರಾಗುವುದೂ ಬೇಡ ಅನ್ನುತ್ತೇನೆ.

ಕಾಲಿನ ರಕ್ತ ಹೃದಯಕ್ಕೆ ಮರಳಲು ಮೇಲಕ್ಕೆ ಏರಬೇಕು. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಅದನ್ನು ಹಿಂಡಿ ಮೇಲಕ್ಕೆ ದೂಡುತ್ತದೆ, ರಕ್ತವನ್ನು ಹೃದಯಕ್ಕೆ ಒಯ್ಯುವ ನಾಳಗಳ ಒಳಗಿನ ಪುಟ್ಟ ಕವಾಟಗಳು ಮುಚ್ಚಿಕೊಂಡು ಅದು ಕೆಳಗಿಳಿಯದಂತೆ ತಡೆಯುತ್ತವೆ. ಸುಮ್ಮನೆ ನಿಂತಾಗ ಪಾದದ ಗಂಟಿನ ಹತ್ತಿರ ಈ ನಾಳಗಳ ಒತ್ತಡ ಸುಮಾರು 80–90 ಮಿ.ಮೀ. ಪಾದರಸ ಇರುತ್ತದೆ. ನಡೆಯತೊಡಗಿದರೆ ಆರೋಗ್ಯವಂತರಲ್ಲಿ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಅಷ್ಟು ಇಳಿಯುವುದೇ ಇಲ್ಲ. ಚರ್ಮ ಕಪ್ಪಾಗುವುದು, ತುರಿಕೆ, ಕೊನೆಗೆ ಮಾಯದ ಹುಣ್ಣು ಎಲ್ಲದರ ಹಿಂದೆ ಇರುವುದು ಈ ಒತ್ತಡ. ಮಲಗಿದವರ ಕಾಲಲ್ಲಿ ರಕ್ತವನ್ನು ಕೆಳಕ್ಕೆ ಎಳೆಯುವ ಭಾರವೇ ಇಲ್ಲದ ಮೇಲೆ ಕವಾಟದ ಸೋರಿಕೆ ಸರಿಯಾಗಿ ಕಾಣುವುದಾದರೂ ಹೇಗೆ?

ಸರಿಯಾದ ಪರೀಕ್ಷೆ ಹೀಗಿರುತ್ತದೆ: ನಿಲ್ಲಿಸುತ್ತಾರೆ, ಮೈಭಾರವನ್ನು ಇನ್ನೊಂದು ಕಾಲಿಗೆ ಹಾಕಲು ಹೇಳುತ್ತಾರೆ. ತೊಡೆಸಂದಿಯಿಂದ ಶುರು ಮಾಡಿ ಪ್ರೋಬ್ (ಚರ್ಮದ ಮೇಲೆ ಒತ್ತಿ ಹಿಡಿಯುವ ಸ್ಕ್ಯಾನಿನ ಉಪಕರಣ) ಇಡುತ್ತಾ, ಮೀನಖಂಡವನ್ನು ಹಿಂಡಿ ತಟ್ಟನೆ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲೇರಬೇಕು, ಬಿಟ್ಟಾಗ ನಿಲ್ಲಬೇಕು. ಬಿಟ್ಟ ಮೇಲೆ ಎಷ್ಟು ಹೊತ್ತು ಹಿಂದಕ್ಕೆ ಹರಿಯಿತು ಅನ್ನುವುದೇ ಇಲ್ಲಿ ಮುಖ್ಯ ಅಳತೆ. ಚರ್ಮದ ಕೆಳಗಿನ ನಾಳಗಳಲ್ಲಿ ಅರ್ಧ ಸೆಕೆಂಡು ದಾಟಿದರೆ, ತೊಡೆ ಮತ್ತು ಮಂಡಿಯ ಆಳದ ದೊಡ್ಡ ನಾಳಗಳಲ್ಲಿ 1 ಸೆಕೆಂಡು ದಾಟಿದರೆ ಕವಾಟ ಕೆಟ್ಟಿದೆ ಎಂದರ್ಥ. ಪರದೆ ಮೇಲಿನ ಕೆಂಪು, ನೀಲಿ ನೋಡಿ ಒಳ್ಳೆ ರಕ್ತ, ಕೆಟ್ಟ ರಕ್ತ ಅಂತ ಗಾಬರಿಯಾಗಬೇಡಿ. ಪ್ರೋಬಿನ ಕಡೆ ಬರುತ್ತಿದೆಯೋ, ದೂರ ಹೋಗುತ್ತಿದೆಯೋ ಅನ್ನುವುದಷ್ಟೇ ಆ ಬಣ್ಣ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಈ ತತ್ವ ಮಂಡಿಸಿದ್ದು ಜೋಡಿ ನಕ್ಷತ್ರಗಳ ಬೆಳಕಿನ ವಿಷಯದಲ್ಲಿ. ಅದು ಇವತ್ತು ನಮ್ಮ ಕಾಲಿನ ರಕ್ತದ ದಿಕ್ಕು ಹೇಳುತ್ತಿದೆ ಅನ್ನುವುದು ನನಗೆ ಈಗಲೂ ಬೆರಗು.

ನನ್ನ ಚಿಕ್ಕಮ್ಮ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವರು, ಇಡೀ ದಿನ ನಿಂತೇ ಇರಬೇಕು. ಒಂದು ಕಡೆ ಮಲಗಿಸಿ ಸ್ಕ್ಯಾನ್ ಮಾಡಿ 'ನಾರ್ಮಲ್' ಅಂತ ಬರೆದುಕೊಟ್ಟರು. ಕಾಲಿನಲ್ಲಾಗಿದ್ದ ಹುಣ್ಣಿಗೆ ಬರೀ ಮುಲಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ನರಳಿದರು. ಬೇರೆ ಕಡೆ ನಿಲ್ಲಿಸಿ ನೋಡಿದಾಗ ತೊಡೆಸಂದಿಯ ಕವಾಟವೇ ಸೋರುತ್ತಿತ್ತು. ಸಿಟ್ಟು ಬರದೇ ಇರುತ್ತದಾ?

ಇನ್ನೊಂದು ಕಾರಣಕ್ಕೂ ಸ್ಕ್ಯಾನ್ ಪೂರ್ತಿಯಾಗಿರಬೇಕು. ಆಳದ ನಾಳ ಹಳೇ ಹೆಪ್ಪಿನಿಂದ ಕಟ್ಟಿಕೊಂಡಿದ್ದರೆ, ಮೇಲೆ ಉಬ್ಬಿ ಕಾಣುವ ನಾಳವೇ ರಕ್ತಕ್ಕೆ ಬದಲಿ ದಾರಿಯಾಗಿರಬಹುದು. ನೋಡದೆ ಅದನ್ನೂ ಮುಚ್ಚಿದರೆ ಕಾಲಿನ ಸ್ಥಿತಿ ಇನ್ನಷ್ಟು ಬಿಗಡಾಯಿಸಬಹುದು. ಹಾಗಾಗಿ ರಿಪೋರ್ಟಿನಲ್ಲಿ ಯಾವ ನಾಳ, ಎಲ್ಲಿಂದ ಎಲ್ಲಿವರೆಗೆ ಸೋರಿಕೆ, ಎಷ್ಟು ಸೆಕೆಂಡು, ನಾಳದ ಅಗಲ ಎಷ್ಟು, ಆಳದ ನಾಳ ಹೇಗಿದೆ ಎಲ್ಲ ಇರಲಿ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2013ರ ಮಾರ್ಗಸೂಚಿಯೂ ಚಿಕಿತ್ಸೆ ನಿರ್ಧರಿಸುವ ಮುಂಚೆ ಡ್ಯೂಪ್ಲೆಕ್ಸ್ ಸ್ಕ್ಯಾನ್ (ನಾಳದ ಚಿತ್ರ, ಡಾಪ್ಲರ್ ಎರಡೂ ಸೇರಿದ್ದು) ಆಗಬೇಕು ಅನ್ನುತ್ತದೆ. ಸಂಕೋಚ ಬೇಡ, ಕೇಳಿ: "ಡಾಕ್ಟ್ರೇ, ನಿಲ್ಲಿಸಿ ನೋಡ್ತೀರಾ?"

ಉಬ್ಬಿದ ನಾಳಕ್ಕೆ ಅಂತ ಹಾಕುವ ಬಿಗಿ ಸಾಕ್ಸನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಹಾಕಿಕೊಳ್ಳಬೇಡಿ, ಅದರಲ್ಲೂ ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು. ಕಾಲಿಗೆ ರಕ್ತ ತರುವ ಧಮನಿ ಚೆನ್ನಾಗಿದೆಯಾ ಅಂತ ಮೊದಲು ನೋಡಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯತೊಡಗಿದರೆ ಮಾತ್ರ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ.