ಗೋಡೆ ದುಡಿಯುತ್ತೆ, ಅಮ್ಮ ಸುಮ್ನೆ ಇರ್ತಾಳೆ

ಸಮೀಕ್ಷೆಯ ಹುಡುಗ ಮನೆಗೆ ಬಂದಿದ್ದ. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ, ಮುಖದ ಮೇಲೆ ಇನ್ನೂ ನಲವತ್ತು ಮನೆ ಬಾಕಿ ಇದೆ ಎಂಬ ಸುಸ್ತು. ಮೊದಲು ನನ್ನ ಕೆಲಸ ಏನು ಅಂತ ಕೇಳಿದ. ‘ಬರೀತೀನಿ’ ಅಂದೆ. ಅದನ್ನೂ ಕೆಲಸ ಅಂತ ಬರೆದುಕೊಂಡ, ಪುಣ್ಯಾತ್ಮ. ಆಮೇಲೆ ಅಮ್ಮನ ಕಡೆ ತಿರುಗಿದ.

“ನೀವೇನು ಕೆಲಸ ಮಾಡ್ತೀರಮ್ಮಾ?”

“ನಾನಾ? ಏನಿಲ್ಲಪ್ಪ. ಮನೇಲೇ ಇರ್ತೀನಿ.”

ಹೀಗೆ ಹೇಳುವಾಗ ಅಮ್ಮನ ಎಡಗೈ ಅಪ್ಪನ ಬೆನ್ನ ಹಿಂದೆ ಇತ್ತು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷ ಆಯಿತು. ಆ ಕೈ ತೆಗೆದರೆ ಅವರು ಪಕ್ಕಕ್ಕೆ ವಾಲುತ್ತಾರೆ. ಬಲಗೈಯಲ್ಲಿ ಮಾತ್ರೆ. ಬಾಯಲ್ಲಿ ‘ಏನಿಲ್ಲಪ್ಪ’. ಹುಡುಗ ಟ್ಯಾಬ್ ಮೇಲೆ ಒಂದು ಕಡೆ ಬೆರಳು ಒತ್ತಿದ, ಮುಂದಿನ ಪ್ರಶ್ನೆಗೆ ಹೋದ.

(ಅಂದ ಹಾಗೆ, ಅಪ್ಪ ‘ವಾಲುತ್ತಾರೆ’, ಅಮ್ಮ ‘ಇರ್ತಾಳೆ’. ಅಪ್ಪನಿಗೆ ಬಹುವಚನ, ಅಮ್ಮನಿಗೆ ಏಕವಚನ. ಲೆಕ್ಕದವರನ್ನು ಬೈಯುವ ಮೊದಲು ನನ್ನ ವ್ಯಾಕರಣದ ಲೆಕ್ಕ ಇಲ್ಲೇ ಒಪ್ಪಿಸಿಬಿಡುತ್ತೇನೆ.)

ಹುಡುಗ ಹೋದ ಮೇಲೆ ನನಗೆ ಒಂದು ಅನುಮಾನ ಬಂತು. ಹಾಗಾದರೆ ಅಮ್ಮ ನಿರುದ್ಯೋಗಿನಾ? ನೋಡಿದರೆ ಅದೂ ಅಲ್ಲ. ನಿರುದ್ಯೋಗಿ ಅನ್ನಿಸಿಕೊಳ್ಳುವುದಕ್ಕೂ ಯೋಗ್ಯತೆ ಬೇಕು ಸ್ವಾಮಿ. ಕೆಲಸ ಹುಡುಕುತ್ತಿರಬೇಕು, ಸಿಕ್ಕರೆ ಸೇರಲು ತಯಾರಿರಬೇಕು. ಅಮ್ಮನಿಗೆ ಕೆಲಸ ಹುಡುಕುವಷ್ಟು ಪುರುಸೊತ್ತಿಲ್ಲ. ಯಾಕೆ ಅಂದರೆ ಕೆಲಸ ಇದೆ. ಆದ್ದರಿಂದ ಅವಳು ಕೆಲಸ ಇರುವವರ ಪಟ್ಟಿಯಲ್ಲೂ ಇಲ್ಲ, ಇಲ್ಲದವರ ಪಟ್ಟಿಯಲ್ಲೂ ಇಲ್ಲ. ‘ದುಡಿಯುವ ಬಲದ ಹೊರಗಿನವರು’ ಅಂತ ಮೂರನೇ ಗುಂಪೊಂದಿದೆ. ಅಲ್ಲಿದ್ದಾಳೆ.

ನಮ್ಮ ಮನೆಯಲ್ಲಿ ಯಾರು ದುಡಿಯುತ್ತಾರೆ ಅಂತ ಲೆಕ್ಕಶಾಸ್ತ್ರದ ಕಣ್ಣಿನಿಂದ ಒಮ್ಮೆ ನೋಡಬೇಕು. ನಾನು ದುಡಿಯುತ್ತೇನೆ. ಇನ್ನೊಬ್ಬರು? ಮನೆ. ತಮಾಷೆಯಲ್ಲ, ಮನೆಯೇ. ಇಟ್ಟಿಗೆ, ಗಾರೆ, ಸೂರು ಇರುವ ಮನೆ. ದೇಶದ ಆದಾಯ ಹೇಗೆ ಲೆಕ್ಕ ಹಾಕಬೇಕು ಅಂತ ವಿಶ್ವಸಂಸ್ಥೆ 1953ರಲ್ಲಿ ಒಂದು ಪದ್ಧತಿ ಹೊರಡಿಸಿತು. ಅದು ಪರಿಷ್ಕರಣೆ ಆಗುತ್ತಾ ಇವತ್ತಿಗೂ ನಡೆಯುತ್ತಿದೆ. ಅದರ ಪ್ರಕಾರ ಸ್ವಂತ ಮನೆಯಲ್ಲಿ ಇರುವವನು ತನಗೆ ತಾನೇ ಬಾಡಿಗೆ ಕೊಟ್ಟುಕೊಳ್ಳುತ್ತಾನೆ. ನಾನೇ ಓನರ್, ನಾನೇ ಬಾಡಿಗೆದಾರ. ತಿಂಗಳ ಮೊದಲ ದಿನ ಕನ್ನಡಿ ಮುಂದೆ ನಿಂತು ನನ್ನನ್ನು ನಾನೇ ‘ಏನ್ ಸ್ವಾಮಿ, ಈ ಸಲ ಬಾಡಿಗೆ ತಡವಾಯ್ತು’ ಅಂತ ಗದರಬೇಕು. ಯಾರ ಜೇಬಿನಿಂದಲೂ ಕಾಸು ಹೊರಬರುವುದಿಲ್ಲ, ಯಾರ ಜೇಬಿಗೂ ಸೇರುವುದಿಲ್ಲ. ಆದರೂ ಆ ಬಾಡಿಗೆ ಜಿಡಿಪಿಗೆ ಸೇರುತ್ತದೆ. ಗೋಡೆ ಸುಮ್ಮನೆ ನಿಂತೇ ದೇಶ ಕಟ್ಟುತ್ತಿದೆ. ಆ ಗೋಡೆಯ ಧೂಳು ಹೊಡೆಯುವ ಅಮ್ಮ ಮಾತ್ರ ‘ಮನೇಲೇ ಇರ್ತಾಳೆ’.

ಇದಕ್ಕೆ ಅವರು ಕೊಡುವ ಕಾರಣವೂ ಚೆನ್ನಾಗಿಯೇ ಇದೆ. ಒಂದು ದೇಶದಲ್ಲಿ ಜಾಸ್ತಿ ಜನ ಬಾಡಿಗೆಗೆ ಇರುತ್ತಾರೆ, ಇನ್ನೊಂದರಲ್ಲಿ ಸ್ವಂತ ಮನೆ ಜಾಸ್ತಿ. ಈ ಕಾಲ್ಪನಿಕ ಬಾಡಿಗೆ ಸೇರಿಸದಿದ್ದರೆ ಎರಡನ್ನೂ ಹೋಲಿಸಲು ಆಗುವುದಿಲ್ಲ. ಒಪ್ಪಿದೆ. ಒಂದು ದೇಶದಲ್ಲಿ ವಯಸ್ಸಾದವರನ್ನು ಸಂಬಳದ ನರ್ಸ್ ನೋಡಿಕೊಳ್ಳುತ್ತಾರೆ, ಇನ್ನೊಂದರಲ್ಲಿ ಹೆಂಡತಿ, ಮಗಳು, ಸೊಸೆ ನೋಡಿಕೊಳ್ಳುತ್ತಾರೆ. ಅಲ್ಲಿಗೂ ಇದೇ ಕಾರಣ ಹೊಂದಬೇಕಲ್ವಾ? ಈ ಪ್ರಶ್ನೆ ಕೇಳಿದ ಕೂಡಲೇ ಲೆಕ್ಕದವರಿಗೆ ಜಾಣ ಕಿವುಡು.

ಗೆರೆ ಎಲ್ಲಿ ಎಳೆದಿದ್ದಾರೆ ಅಂತ ನೋಡಿದರೆ ಇನ್ನೂ ಮಜಾ. ದೂರದ ಬಾವಿಯಿಂದ ಮನೆಗೆ ನೀರು ಹೊತ್ತು ತಂದರೆ ಅದು ಉತ್ಪಾದನೆ, ಲೆಕ್ಕಕ್ಕೆ ಸೇರಬೇಕು ಅನ್ನುತ್ತದೆ ನಿಯಮ. ಸೌದೆ ಆರಿಸಿ ತಂದರೂ ಹಾಗೆಯೇ. ಆ ಸೌದೆ ಉರಿಸಿ, ಆ ನೀರು ಕಾಯಿಸಿ, ಹಾಸಿಗೆ ಹಿಡಿದವರ ಮೈ ಒರೆಸಿದರೆ ಅದು ಉತ್ಪಾದನೆ ಅಲ್ಲ. ಹೊಸಿಲು ದಾಟುವವರೆಗೆ ಅವಳು ದುಡಿಮೆಗಾರ್ತಿ. ದಾಟಿದಳೋ, ಮಾಯ. 1940ರ ದಶಕದಲ್ಲೇ ಫಿಲಿಸ್ ಡೀನ್ ಎಂಬ ಅರ್ಥಶಾಸ್ತ್ರಜ್ಞೆ ಆಫ್ರಿಕಾದ ಬ್ರಿಟಿಷ್ ವಸಾಹತುಗಳ ಲೆಕ್ಕ ಹಾಕಲು ಹೋಗಿ, ಹೆಂಗಸರು ಸೌದೆ ತರುವುದು, ಅಡುಗೆ ಮಾಡುವುದು ಇವನ್ನೆಲ್ಲ ಬಿಟ್ಟರೆ ಲೆಕ್ಕಕ್ಕೆ ಅರ್ಥವಿಲ್ಲ ಅಂದಿದ್ದಳು. ಸೌದೆ ಒಳಗೆ ಬರಲು ದಶಕಗಳೇ ಹಿಡಿದವು. ಅಡುಗೆ ಇನ್ನೂ ಬಾಗಿಲಲ್ಲೇ ನಿಂತಿದೆ.

ಒಳಗೆ ಯಾರನ್ನು ಬಿಟ್ಟುಕೊಂಡಿದ್ದಾರೆ ಗೊತ್ತಾ? ಮಾದಕ ವಸ್ತು ಮಾರುವವರನ್ನು. ಕೊಡುವವನಿಗೂ ಕೊಳ್ಳುವವನಿಗೂ ಒಪ್ಪಿಗೆ ಇದ್ದರೆ ಕಾನೂನುಬಾಹಿರ ವ್ಯಾಪಾರವೂ ಉತ್ಪಾದನೆಯೇ. 2014ರಲ್ಲಿ ಬ್ರಿಟನ್ ಮತ್ತು ಇಟಲಿ ಮಾದಕ ವಸ್ತು, ವೇಶ್ಯಾವಾಟಿಕೆಗಳ ಅಂದಾಜನ್ನು ತಮ್ಮ ಜಿಡಿಪಿಗೆ ಸೇರಿಸಿಕೊಂಡವು. ಪೊಲೀಸರಿಗೇ ಸಿಗದೆ ಕತ್ತಲಲ್ಲಿ ಕೈ ಬದಲಾಗುವ ಪೊಟ್ಟಣದ ಬೆಲೆ ಅಂದಾಜು ಮಾಡಬಹುದಂತೆ. ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರೇ ಮಗುವಿನ ಮೂಗು ಒರೆಸುವುದನ್ನು ಅಂದಾಜು ಮಾಡೋದು ಮಾತ್ರ ತುಂಬಾ ಕಷ್ಟವಂತೆ.

ಇಷ್ಟಕ್ಕೂ ಮನೆಗೆಲಸ ಯಾಕೆ ಸೇರಿಸುವುದಿಲ್ಲ? ಕಾರಣಗಳಲ್ಲಿ ಒಂದನ್ನು ಓದಿದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಮನೆಯವರಿಗಾಗಿ ಮನೆಯಲ್ಲಿ ಮಾಡುವ ಸೇವೆಗಳನ್ನೂ ಉತ್ಪಾದನೆ ಅಂದುಬಿಟ್ಟರೆ, ಅವನ್ನು ಮಾಡುವವರೆಲ್ಲ ಸ್ವಯಂ ಉದ್ಯೋಗಿಗಳಾಗಿಬಿಡುತ್ತಾರೆ. ಆಗ ಜಗತ್ತಿನಲ್ಲಿ ನಿರುದ್ಯೋಗ ಅನ್ನುವುದೇ ಇರುವುದಿಲ್ಲ. ಹಾಗಾಗಿ ಸೇರಿಸುವಂತಿಲ್ಲ. ಇದು ನನ್ನ ಕುಹಕ ಅಲ್ಲ, ಆ ನಿಯಮಗಳೇ ಮುಚ್ಚುಮರೆ ಇಲ್ಲದೆ ಕೊಡುವ ವಿವರಣೆ. ಬಿಡಿಸಿ ಹೇಳಿದರೆ, ಎಲ್ಲರೂ ಕೆಲಸ ಮಾಡುತ್ತಿದ್ದಾರೆ ಅಂತ ಗೊತ್ತಾಗಿಬಿಟ್ಟರೆ ಯಾರಿಗೆ ಕೆಲಸ ಇಲ್ಲ ಅಂತ ಎಣಿಸುವ ಇಲಾಖೆಗೆ ಕೆಲಸ ಇರುವುದಿಲ್ಲ. ಆ ಇಲಾಖೆ ಉಳಿಯಬೇಕಲ್ಲಪ್ಪ! ಅದಕ್ಕೆ ಅಮ್ಮ ಸುಮ್ನೆ ಇರಬೇಕು.

ಪಿಗೂ ಎಂಬ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಸುಮಾರು ನೂರು ವರ್ಷದ ಹಿಂದೆಯೇ ಈ ಬಿರುಕಿಗೆ ಬೆರಳಿಟ್ಟಿದ್ದ. ಮನೆಗೆಲಸಕ್ಕೆ ಇಟ್ಟುಕೊಂಡವಳನ್ನು ಮಾಲೀಕ ಮದುವೆಯಾದರೆ ದೇಶದ ಆದಾಯ ಕಡಿಮೆಯಾಗುತ್ತದೆ ಅಂದ. ಅದೇ ಹೆಂಗಸು, ಅದೇ ಪೊರಕೆ, ಅದೇ ನೆಲ. ಸಂಬಳ ನಿಂತಿತು, ಕೆಲಸವೂ ಮಾಯವಾಯಿತು. ಈ ಲೆಕ್ಕದಲ್ಲಿ ಪ್ರತಿ ಮದುವೆಯೂ ದೇಶಕ್ಕೆ ನಷ್ಟ, ಪ್ರತಿ ವಿಚ್ಛೇದನವೂ ಪ್ರಗತಿ. ನನಗೂ ಪಕ್ಕದ ಮನೆಯವರಿಗೂ ದೇಶಭಕ್ತಿ ಜಾಸ್ತಿಯಾದರೆ ಇನ್ನೂ ಸುಲಭ. ನಮ್ಮಪ್ಪನನ್ನು ಅವರು ನೋಡಿಕೊಳ್ಳಲಿ, ಅವರಪ್ಪನನ್ನು ನಾವು ನೋಡಿಕೊಳ್ಳುತ್ತೇವೆ, ಒಬ್ಬರಿಗೊಬ್ಬರು ಒಂದೇ ಮೊತ್ತದ ಚೆಕ್ ಬರೆದುಕೊಳ್ಳೋಣ. ಇಬ್ಬರು ಅಪ್ಪಂದಿರಿಗೂ ಗೊಂದಲ, ಆದರೆ ದೇಶಕ್ಕೆ ಬೆಳವಣಿಗೆ.

ಅಳೆಯೋಕೆ ಬರುವುದಿಲ್ಲ ಅನ್ನೋದೂ ಸುಳ್ಳು. ಮಾರ್ಗರೆಟ್ ರೀಡ್ ಎಂಬ ಅರ್ಥಶಾಸ್ತ್ರಜ್ಞೆ 1934ರಲ್ಲೇ ಒಂದು ಸರಳ ಪರೀಕ್ಷೆ ಹೇಳಿದಳು: ಈ ಕೆಲಸವನ್ನು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬಹುದೇ? ಆಗುತ್ತದೆ ಎಂದರೆ ಅದು ದುಡಿಮೆ. ನನ್ನ ಬದಲು ಇನ್ನೊಬ್ಬರು ನಿದ್ದೆ ಮಾಡಲು ಆಗುವುದಿಲ್ಲ, ಬಟ್ಟೆ ಒಗೆಯಬಹುದು. ಇದಕ್ಕಿಂತ ಇನ್ನೇನು ಬೇಕು? ಆದರೆ ವಿದ್ವಾಂಸರಿಗೆ ಸರಳವಾದದ್ದು ಸಾಲದು. ಬೆಲೆ ಕಟ್ಟಲು ಅವರ ಬಳಿ ಎರಡು ದಾರಿ ಇವೆ. ಒಂದು, ಆ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕಿತ್ತು ಅಂತ ನೋಡುವುದು. ಇನ್ನೊಂದು, ಆ ಹೊತ್ತಿನಲ್ಲಿ ಹೊರಗೆ ದುಡಿದಿದ್ದರೆ ಎಷ್ಟು ಬರುತ್ತಿತ್ತು ಅಂತ ನೋಡುವುದು. ಎರಡನೇ ದಾರಿಯಲ್ಲಿ ಹೋದರೆ ಹೃದಯ ತಜ್ಞೆ ಬದಲಿಸಿದ ಡೈಪರ್ ಬಂಗಾರ, ಶಾಲೆಗೆ ಹೋಗದ ಅಜ್ಜಿ ಬದಲಿಸಿದ ಡೈಪರ್ ಚಿಂದಿ ಬಟ್ಟೆ. ಮಗುವಿಗೆ ಎರಡರಲ್ಲೂ ಒಂದೇ ಸುಖ. ಅದಕ್ಕೆ ಅರ್ಥಶಾಸ್ತ್ರ ಗೊತ್ತಿಲ್ಲ, ಪಾಪ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ 64 ದೇಶಗಳ ಮಾಹಿತಿ ಇಟ್ಟುಕೊಂಡು ಒಂದು ಅಂದಾಜು ಕೊಟ್ಟಿತು. ಸಂಬಳವಿಲ್ಲದ ಆರೈಕೆಗೆ ದಿನಕ್ಕೆ 1,640 ಕೋಟಿ ಗಂಟೆ ಹೋಗುತ್ತದೆ. ಅಂದರೆ 200 ಕೋಟಿ ಜನ ದಿನಕ್ಕೆ 8 ಗಂಟೆ, ಒಂದು ಕಾಸೂ ಇಲ್ಲದೆ, ಪೂರ್ಣಾವಧಿ ದುಡಿದ ಹಾಗೆ. ಅದರಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಹೆಂಗಸರದು. 200 ಕೋಟಿ ಜನರ ಬಿಟ್ಟಿ ಚಾಕರಿ ನಡೆಸುವ ಕಂಪನಿ ಇದ್ದಿದ್ದರೆ ಅದರ ಮಾಲೀಕನ ಮೇಲೆ ಇಷ್ಟು ಹೊತ್ತಿಗೆ ಕೇಸು ಬೀಳುತ್ತಿತ್ತು. ಇಲ್ಲಿ ಮಾಲೀಕ ಯಾರು ಅಂತ ನೋಡಲು ಹೋದರೆ ಮನೆಮನೆಯಲ್ಲೂ ಒಬ್ಬೊಬ್ಬ ಸೋಫಾ ಮೇಲೆ ಕೂತಿರುತ್ತಾನೆ.

ಸಂಬಳ ಇಲ್ಲ ಅಂದ ಮಾತ್ರಕ್ಕೆ ಏನೂ ಕೊಡುವುದಿಲ್ಲ ಅಂತಲ್ಲ. ಹೊಗಳಿಕೆ ಕೊಡುತ್ತೇವೆ. ಮೂಗಿಗೆ ತುಪ್ಪ ಸವರುವುದರಲ್ಲಿ ನಾವು ಯಾವತ್ತೂ ಜಿಪುಣತನ ತೋರಿಸಿಲ್ಲ. ‘ಹೌಸ್‌ವೈಫ್’ ಅಂದರೆ ಅವಮಾನ ಅಂತ ‘ಹೋಮ್‌ಮೇಕರ್’ ಅಂತ ಬಡ್ತಿ ಕೊಟ್ಟೆವು. ಪದವಿ ಏರಿತು, ವೇತನ ಶ್ರೇಣಿ ಸೊನ್ನೆಯಿಂದ ಸೊನ್ನೆಗೆ ಏರಿತು. ಸಂಬಳಕ್ಕೆ ಆರೈಕೆ ಮಾಡುವವರನ್ನೂ ಬಿಡಲಿಲ್ಲ. 2020ರಲ್ಲಿ ದೇಶ ದೇಶಗಳಲ್ಲಿ ಜನ ಕಿಟಕಿಗೆ ಬಂದು ನರ್ಸುಗಳಿಗೆ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಪಿಎಫ್ ಕಡಿತ ಇಲ್ಲ, ಟ್ಯಾಕ್ಸ್ ಇಲ್ಲ, ಬಾಕಿ ಉಳಿಯುವ ಭಯವೂ ಇಲ್ಲ. ಇದಕ್ಕಿಂತ ಅಗ್ಗದ ಬೋನಸ್ಸನ್ನು ಯಾವ ಎಚ್‌ಆರ್ ಕೂಡ ಕಂಡುಹಿಡಿದಿಲ್ಲ.

‘ಹೆಂಗಸರಿಗೆ ಅದು ಹುಟ್ಟುಗುಣ ಕಣ್ರೀ, ಕರುಳು ಕೇಳಲ್ಲ’ ಅನ್ನುವವರಿಗಾಗಿ ಒಂದು ಪ್ರಯೋಗದ ಕಥೆ. 2017ರಲ್ಲಿ ಅಮೆರಿಕದ ಕೆಲವು ಸಂಶೋಧಕಿಯರು ಇದನ್ನು ಪ್ರಕಟಿಸಿದರು. ಮೂರು ಮೂರು ಜನರ ಗುಂಪು, ಎರಡು ನಿಮಿಷ ಟೈಮು. ಯಾರಾದರೂ ಒಬ್ಬರು ಬಟನ್ ಒತ್ತಬೇಕು. ಒತ್ತಿದವರಿಗೆ ಕಡಿಮೆ ದುಡ್ಡು, ಸುಮ್ಮನಿದ್ದವರಿಗೆ ಜಾಸ್ತಿ. ಯಾರೂ ಒತ್ತದಿದ್ದರೆ ಎಲ್ಲರಿಗೂ ಲಾಸು. ಗಂಡು ಹೆಣ್ಣು ಕಲೆತ ಗುಂಪುಗಳಲ್ಲಿ ಹೆಂಗಸರು ಗಂಡಸರಿಗಿಂತ ಶೇ. 48ರಷ್ಟು ಜಾಸ್ತಿ ಸಲ ಒತ್ತಿದರು. ಹುಟ್ಟುಗುಣವೇ ಇರಬೇಕು ಅಂತೀರಾ? ಬರೀ ಗಂಡಸರಿರುವ ಗುಂಪಿನಲ್ಲೂ ಬಟನ್ ಅಷ್ಟೇ ಸಲೀಸಾಗಿ ಒತ್ತಲಾಯಿತು, ಬರೀ ಹೆಂಗಸರ ಗುಂಪಿನಲ್ಲಿ ಒತ್ತಿದ ಹಾಗೆಯೇ. ಗಂಡಸರ ಬೆರಳಿಗೆ ಏನೂ ಆಗಿಲ್ಲ. ರೂಮಿನಲ್ಲಿ ಹೆಂಗಸೊಬ್ಬಳು ಕಂಡರೆ ಮಾತ್ರ ಅದಕ್ಕೆ ಪಾರ್ಶ್ವವಾಯು. ಮೀಟಿಂಗಿನಲ್ಲಿ ‘ಯಾರಾದ್ರೂ ನೋಟ್ಸ್ ಬರ್ಕೊಳ್ತೀರಾ’ ಅಂದಾಗ ಇದ್ದಕ್ಕಿದ್ದ ಹಾಗೆ ಎಲ್ಲ ಗಂಡಸರಿಗೂ ಫೋನಿನಲ್ಲಿ ಅರ್ಜೆಂಟ್ ಮೆಸೇಜ್ ಬರುತ್ತದಲ್ಲ, ಅದೇ ಕಾಯಿಲೆ.

ಹಾಗಾದರೆ ಎಲ್ಲಕ್ಕೂ ರೇಟ್ ಬೋರ್ಡ್ ಹಾಕಿಬಿಡೋಣ ಅನ್ನುವ ಜಾಣರೂ ಇದ್ದಾರೆ. ಅವರು ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳ ಕಥೆ ಕೇಳಬೇಕು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ತಡ ಮಾಡುತ್ತಿದ್ದರು. ನೋಡಿಕೊಳ್ಳುವವರು ಬಾಗಿಲಲ್ಲೇ ಕಾಯಬೇಕಿತ್ತು. ಸಂಶೋಧಕರಾದ ಗ್ನೀಜಿ ಮತ್ತು ರುಸ್ಟಿಚಿನಿ ಕೆಲವು ಕೇಂದ್ರಗಳಲ್ಲಿ ದಂಡ ಹಾಕಿಸಿ ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಏನು? ತಡವಾಗಿ ಬರುವವರು ಸುಮಾರು ಎರಡು ಪಟ್ಟಾದರು! ಮೊದಲು ‘ಛೇ, ಟೀಚರ್ ಕಾಯ್ತಿರ್ತಾರೆ’ ಅಂತ ಓಡಿ ಬರುತ್ತಿದ್ದವರು ಈಗ ‘ದುಡ್ಡು ಕೊಟ್ಟಿದ್ದೀವಲ್ಲ’ ಅಂತ ನಿಧಾನವಾಗಿ ಬಂದರು. ದಂಡ ತೆಗೆದರು. ತಡ ಮಾತ್ರ ಹಾಗೇ ಉಳಿಯಿತು. ನಾಚಿಕೆಯನ್ನು ಒಮ್ಮೆ ಮಾರಿದರೆ ವಾಪಸ್ ತಗೊಳ್ಳೋರು ಯಾರು? ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವೂ ಆಯಿತು, ನೋಡಿ, ಅಮ್ಮನಿಗೆ ದುಡ್ಡು ಕೊಡದೇ ಇರುವುದಕ್ಕೆ ನನ್ನ ಬಳಿಯೂ ಈಗ ಒಂದು ವೈಜ್ಞಾನಿಕ ಕಾರಣ ಇದೆ. ಸಂಶೋಧನೆಯಿಂದ ಇಂಥ ಉಪಯೋಗ ಪಡೆಯುವ ನನ್ನಂಥವರ ಸಂಖ್ಯೆ ಕಡಿಮೆ ಏನಿಲ್ಲ.

ಐಸ್‌ಲ್ಯಾಂಡಿನ ಹೆಂಗಸರು ಮಾತ್ರ ಸಂಶೋಧನೆಗೆ ಕಾಯಲಿಲ್ಲ. 1975ರ ಅಕ್ಟೋಬರ್ 24ರಂದು ಅಲ್ಲಿನ ಶೇ. 90ರಷ್ಟು ಹೆಂಗಸರು ಆಫೀಸಿನ ಕೆಲಸ, ಮನೆ ಕೆಲಸ ಎರಡನ್ನೂ ಬಿಟ್ಟು ಬೀದಿಗೆ ಬಂದರು. ಮುಷ್ಕರ ಅಂದರೆ ಕೆಲವರು ಹೆದರುತ್ತಾರೆ ಅಂತ ಅದಕ್ಕೆ ‘ರಜೆ’ ಅಂತ ಹೆಸರಿಟ್ಟರು. ಆ ಒಂದು ದಿನ ಅಪ್ಪಂದಿರು ಮಕ್ಕಳನ್ನು ಕಂಕುಳಲ್ಲಿ ಹೊತ್ತು ಆಫೀಸಿಗೆ ಹೋದರು. ‘ಏನೂ ಮಾಡದವರು’ ಒಂದು ದಿನ ಏನೂ ಮಾಡದಿದ್ದಾಗ ದೇಶ ನಿಂತುಹೋಯಿತು. ಮರುವರ್ಷ ಸಮಾನತೆಯ ಕಾನೂನು ಬಂತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆರೈಕೆ ಕುರಿತ ಎರಡು ದಿನದ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ರಾತ್ರಿ ಅಪ್ಪನನ್ನು ಮಗ್ಗುಲು ಬದಲಿಸುವ ಸರದಿ ನನ್ನದು. ಆ ಎರಡು ರಾತ್ರಿ ಅದನ್ನೂ ಅಮ್ಮನೇ ಮಾಡಿದಳು. ನಾನು ಆರೈಕೆಯ ಮಹತ್ವ ತಿಳಿದುಕೊಂಡು, ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದೆ. ಜೊತೆಗೆ ಒಂದು ದಿನಚರಿ ಹಾಳೆಯೂ ಸಿಕ್ಕಿತ್ತು. ದಪ್ಪ ಕಾಗದ, ದಿನದ 24 ಗಂಟೆಯನ್ನು 10 ನಿಮಿಷದ ಚೌಕಗಳಾಗಿ ಕತ್ತರಿಸಿದ್ದರು. ಪ್ರತಿ ಚೌಕದಲ್ಲಿ ಆಗ ಮಾಡುತ್ತಿದ್ದ ಮುಖ್ಯ ಕೆಲಸ ಬರೆಯಬೇಕು. ಅಮ್ಮನಿಗೆ ಕೊಟ್ಟೆ.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ರಾತ್ರಿ ಎರಡು ಗಂಟೆಗೆ ಏನಂತ ಬರೀಲಿ?”

“ನಿದ್ದೆ ಅಂತ ಬರಿಯಮ್ಮ.”

“ನಿದ್ದೆ ಎಲ್ಲಿ ಬರುತ್ತೆ? ಅವರು ಕೆಮ್ಮಿದ್ರೆ ಏಳ್ಬೇಕಲ್ಲ, ಕಿವಿ ಅಲ್ಲೇ ಇರುತ್ತೆ.”

“ಎದ್ದಿರ್ತೀಯಾ ಹಾಗಾದ್ರೆ?”

“ಇಲ್ಲ, ಮಲಗಿರ್ತೀನಿ.”

ಹಾಳೆಯ ಹಿಂಬದಿಯ ಸೂಚನೆಗಳನ್ನು ಪೂರ್ತಿ ಓದಿದೆ. ಕಿವಿಯನ್ನು ಎಲ್ಲಿ ಬರೆಯಬೇಕು ಅಂತ ಇರಲಿಲ್ಲ. ‘ಏನಾದ್ರೂ ಬರಿ’ ಅಂತ ಹೇಳಿ ನನ್ನ ಕೆಲಸಕ್ಕೆ ಹೋದೆ.

ನಾಲ್ಕು ದಿನ ಬಿಟ್ಟು ಕೇಳಿದೆ, “ಅಮ್ಮ, ಆ ಹಾಳೆ ತುಂಬಿದ್ಯಾ?”

“ಪುರುಸೊತ್ತೇ ಆಗ್ಲಿಲ್ಲ ಕಣೋ. ಅಲ್ಲೇ ಇದೆ ನೋಡು.”

ಅಪ್ಪನ ಮಂಚದ ಒಂದು ಕಾಲು ಮೊದಲಿನಿಂದಲೂ ಕುಂಟು. ಮಗ್ಗುಲು ಬದಲಿಸುವಾಗಲೆಲ್ಲ ಕಟಕಟ ಅಂತ ಸದ್ದು ಮಾಡಿ ಅವರನ್ನು ಎಬ್ಬಿಸುತ್ತಿತ್ತು. ಹಾಳೆಯನ್ನು ಎಂಟು ಮಡಿಕೆ ಮಾಡಿ ಅದರ ಕೆಳಗೆ ಇಟ್ಟಿದ್ದಳು.

ಮಂಚ ಈಗ ಅಲ್ಲಾಡುತ್ತಿಲ್ಲ.