ಸ್ಮಾಲ್ ಪ್ರಾಬ್ಲಮ್ ಇದೆ ಅಂದ್ಮೇಲೆ ಮುಂದಿನ ಮಾತೂ ಹೇಳಿ

ಕುಮಟೆಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಪಾನ್ ಕಾರ್ಡ್, ಕರೆಂಟ್ ಬಿಲ್ಲು, ನವೆಂಬರ್ ಬಂತು ಅಂದ್ರೆ ಪೆನ್ಶನ್ ತಗೊಳ್ಳೋರ ಜೀವನ ಪ್ರಮಾಣ. ಹನ್ನೊಂದು ವರ್ಷದಿಂದ ಇದೇ ಕೆಲಸ. ಇಷ್ಟು ವರ್ಷದಲ್ಲಿ ಆ ಕೌಂಟರಲ್ಲಿ ಕೂತು ನಾನು ಅತೀ ಹೆಚ್ಚು ಸಲ ಹೇಳಿದ ಮಾತು ಯಾವ್ದು ಅಂದ್ರೆ 'ಒಂದು ಸ್ಮಾಲ್ ಪ್ರಾಬ್ಲಮ್ ಇದೆ'. ಇದರ ಬಗ್ಗೆ ಬರೀಬೇಕು ಅಂತ ಬಹಳ ದಿವಸದಿಂದ ತಲೇಲಿ ಇತ್ತು, ಇವತ್ತು ಬರೀತಾ ಇದ್ದೇನೆ, ಉದ್ದ ಆಗ್ತದೆ, ಪುರಸೊತ್ತು ಇದ್ದವ್ರು ಓದಿ.

2023ರ ನವೆಂಬರ್. ಅಘನಾಶಿನಿ ಕಡೆಯಿಂದ ಒಬ್ರು ಅಜ್ಜಿ ಬಂದ್ರು. ಗಂಡ ಸರ್ಕಾರಿ ನೌಕರಿಲಿ ಇದ್ದು ತೀರ್ಕಂಡವ್ರು, ಇವ್ರಿಗೆ ಫ್ಯಾಮಿಲಿ ಪೆನ್ಶನ್ ಬರ್ತದೆ, ಬದುಕಿದ್ದೇನೆ ಅಂತ ವರ್ಷಕ್ಕೊಂದ್ಸಲ ತೋರಿಸ್ಬೇಕು. ಬೆರಳು ಇಡಿಸಿದೆ, ಮಷಿನ್ ತಗೊಳ್ಲಿಲ್ಲ. ಹೆಬ್ಬೆರಳು, ತೋರುಬೆರಳು, ಆ ಕೈ, ಈ ಕೈ, ಒರೆಸಿ ಒರೆಸಿ ಇಡಿಸಿದ್ರೂ ಸ್ಕ್ರೀನ್ ಮೇಲೆ ಎರರ್ 300 ಅಂತ ಬರ್ತಾ ಇತ್ತು. ಬೆರಳಚ್ಚು ಹೊಂದೂದಿಲ್ಲ ಅಂತ ಅದರರ್ಥ. ನನಗದು ಗೊತ್ತಿತ್ತು. ಆದ್ರೆ ಹಿಂದೆ ಏಳೆಂಟು ಜನ ಕಾಯ್ತಾ ಇದ್ರು, ವಿವರಿಸ್ಲಿಕ್ಕೆ ಹೋದ್ರೆ ಟೈಮ್ ಹೋಗ್ತದೆ, ಜೊತೆಗೆ 'ನಿಮ್ಮ ಬೆರಳೇ ಸರಿ ಇಲ್ಲ' ಅಂತ ಅಷ್ಟು ವಯಸ್ಸಾದವ್ರಿಗೆ ಹೇಳೂದು ಹೇಗೆ ಅಂತ ನಾಲಿಗೆ ಎಳೀಲಿಲ್ಲ. "ಅಮ್ಮಾ, ಒಂದು ಸ್ಮಾಲ್ ಪ್ರಾಬ್ಲಮ್ ಇದೆ, ನಾಳೆ ಬನ್ನಿ" ಅಂದೆ. ನಾಳೆ ಬಂದ್ರು. ಅದೇ ಎರರ್, ಅದೇ ಮಾತು. ನಾಡಿದ್ದೂ ಬಂದ್ರು.

ಮೂರನೇ ದಿನ ರಶ್ ಇರ್ಲಿಲ್ಲ. ಅವ್ರ ಕೈ ಹಿಡ್ದು ಬೆರಳ ತುದಿ ಬೆಳಕಿಗೆ ತಿರುಗಿಸಿ ನೋಡಿದೆ. ಗೆರೆಯೇ ಇಲ್ಲ. ನುಣ್ಣಗೆ, ಹೊಳೆ ಕಲ್ಲಿನ ಹಾಗೆ, ನಡುನಡುವೆ ಬೆಳ್ಳಗೆ ಹಳೇ ಗಾಯದ ಗುರುತು. ನಲ್ವತ್ತು ವರ್ಷ ಹೊಳೆಲಿ ಬಳಚು (ಚಿಪ್ಪುಮೀನು) ಹೆಕ್ಕಿದ ಕೈ ಅದು, ಇಳಿತ ಆದಾಗ ಸೊಂಟದ ಮಟ್ಟ ನೀರಲ್ಲಿ ನಿಂತು ಕೆಸರೊಳಗೆ ಕೈ ಹಾಕಿ ಹೆಕ್ಕೂದು, ಚಿಪ್ಪು ಕುಯ್ದು ಕುಯ್ದು ಬೆರಳಲ್ಲಿ ಇನ್ನೆಂತ ಉಳೀತದೆ. ಆಗ ಕೂರಿಸಿ ಎಲ್ಲಾ ಹೇಳಿದೆ. ಬೆರಳಿನ ಗೆರೆ ಸವೆದಿದೆ ಅಮ್ಮಾ, ಅದಕ್ಕೇ ತಗೊಳ್ತಾ ಇಲ್ಲ, ನಾಳೆ ಬಂದ್ರೂ ಆಗೂದಿಲ್ಲ, ನಾಡಿದ್ದು ಬಂದ್ರೂ ಆಗೂದಿಲ್ಲ, ಆದ್ರೆ ಮೊಬೈಲಲ್ಲಿ ಮುಖ ತೋರಿಸಿ ಮಾಡ್ಲಿಕ್ಕೆ ಬರ್ತದೆ. (ಮುಖದಿಂದ ಮಾಡೂದು 2021ರಿಂದಲೇ ಇದೆ, ನಾನು ಆ ಆ್ಯಪ್ ಹಾಕ್ಕೊಂಡೇ ಇರ್ಲಿಲ್ಲ, ತಪ್ಪು ಪೂರಾ ನನ್ನದು.) ಫೋನ್ ಹಿಡಿದೆ, ಕಣ್ಣು ಮಿಟುಕಿಸಿ ಅಂದೆ, ಮಿಟುಕಿಸಿದ್ರು, ಆಯ್ತು. ಐದು ನಿಮಿಷ ಕೂಡ ಹಿಡೀಲಿಲ್ಲ.

ಅವ್ರು ಬೈಲಿಲ್ಲ. "ಇದನ್ನ ಮೊನ್ನೆಯೇ ಹೇಳಿದ್ರೆ ಆಗ್ತಿತ್ತಲ್ಲ ತಮಾ, ನಾನು ನನ್ನ ಪೆನ್ಶನ್ ನಿಂತೇಹೋಯ್ತು, ನೀನು ಬಾಯಿಬಿಟ್ಟು ಹೇಳ್ಲಿಕ್ಕಾಗದೆ ನಾಳೆ ನಾಳೆ ಅಂತಿದ್ದೆ ಅಂತ ಮಾಡಿದ್ದೆ" ಅಂದ್ರು. ಎರಡು ರಾತ್ರಿ ನಿದ್ದೆ ಬಿದ್ದಿಲ್ಲವಂತೆ.

ಈ ಮಾತು ನನ್ನ ಎದೆಗೆ ನಾಟಿದ್ದು ಹೇಳ್ಲಿಕ್ಕೆ ಬರೂದಿಲ್ಲ. ಅವ್ರಿಗೆ ಬೇಜಾರಾಗಬಾರದು ಅಂತ ಮೆತ್ತಗೆ ಹೇಳಿದವ ನಾನು. ನಾನು ಹೇಳದೇ ಬಿಟ್ಟ ಜಾಗದಲ್ಲಿ ಅವ್ರು ಅದಕ್ಕಿಂತ ಹತ್ತು ಪಟ್ಟು ದೊಡ್ಡದನ್ನ ತಾವೇ ತುಂಬ್ಕಂಡಿದ್ರು.

ಹಂಗಂತ ಮೆತ್ತಗೆ ಮಾತಾಡೂದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ತಿಳ್ಕೊಬೇಡಿ. ಈಗೀಗ ಜನ 'ಇದ್ದದ್ದು ಇದ್ದ ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು' ಅನ್ನೂದನ್ನೇ ದೊಡ್ಡ ಗುಣ ಮಾಡ್ಕಂಡಿದ್ದಾರೆ, ನನಗೆ ಅದು ಹಿಡಿಸೂದಿಲ್ಲ. ಸಮಸ್ಯೆ ಬಂದಾಗ ಸಮಾಧಾನದಲ್ಲಿ ಹೇಳೂದು ದೊಡ್ಡ ಶಕ್ತಿ. ಕೇಳಿದವ್ನ ಜೀವ ಅರ್ಧ ತಣ್ಣಗಾಗ್ತದೆ.

ಇದಕ್ಕೆ ನನಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಉದಾಹರಣೆ 1982ರ ಜೂನ್ 24ರದ್ದು. ಲಂಡನ್‌ನಿಂದ ಆಕ್ಲೆಂಡ್‌ಗೆ ಹೊರಟ ಬ್ರಿಟಿಷ್ ಏರ್‌ವೇಸ್ 747 ವಿಮಾನ, ಕೌಲಾಲಂಪುರ ಬಿಟ್ಟು ಪರ್ತ್ ಕಡೆ ಹೋಗ್ತಾ ಇತ್ತು. ರಾತ್ರಿ. ಜಾವಾ ದ್ವೀಪದ ಗಲುಂಗುಂಗ್ ಅನ್ನೂ ಜ್ವಾಲಾಮುಖಿ ಕಾರಿದ ಬೂದಿಯ ಮೋಡದೊಳಗೆ ಹೊಕ್ಕಿತು, ಅದು ಬೂದಿ ಅಂತ ಆಗ ಅವ್ರಿಗೆ ಗೊತ್ತೇ ಇಲ್ಲ, ರೇಡಾರಲ್ಲೂ ಕಾಣ್ಲಿಲ್ಲ, ಒಂದಾದ ಮೇಲೆ ಒಂದು ನಾಲ್ಕೂ ಎಂಜಿನ್ ಬಂದ್. 37,000 ಅಡಿ ಮೇಲೆ, ಒಳಗೆ 263 ಜನ. ಕ್ಯಾಪ್ಟನ್ ಎರಿಕ್ ಮೂಡಿ ಮೈಕ್ ತಗೊಂಡು ಹೇಳಿದ್ದು ಇಷ್ಟು: ನಮಗೊಂದು ಸ್ಮಾಲ್ ಪ್ರಾಬ್ಲಮ್ ಆಗಿದೆ, ನಾಲ್ಕೂ ಎಂಜಿನ್ ನಿಂತಿವೆ, ಮತ್ತೆ ಚಾಲೂ ಮಾಡ್ಲಿಕ್ಕೆ ನಮ್ಮಿಂದ ಆಗೂದೆಲ್ಲ ಮಾಡ್ತಾ ಇದ್ದೇವೆ, ನೀವು ಹೆಚ್ಚು ಕಂಗಾಲಾಗಿಲ್ಲ ಅಂತ ನಂಬ್ತೇನೆ. ಸುಮಾರು 13,000 ಅಡಿಗೆ ಇಳಿಯೂ ಹೊತ್ತಿಗೆ ಒಂದು ಎಂಜಿನ್ ಹತ್ತಿತು, ಆಮೇಲೆ ಉಳಿದವೂ ಹತ್ತಿದ್ವು, ಬೂದಿ ಉಜ್ಜಿ ಉಜ್ಜಿ ಮುಂದಿನ ಗಾಜು ಮಬ್ಬಾಗಿ ಎಂತದೂ ಕಾಣದಿದ್ರೂ ಜಕಾರ್ತಾದಲ್ಲಿ ಇಳಿಸಿದ್ರು. ಒಬ್ರೂ ಸಾಯ್ಲಿಲ್ಲ.

ಎಲ್ಲರೂ ಈ ಕತೆ ಹೇಳುವಾಗ ಆ 'ಸ್ಮಾಲ್ ಪ್ರಾಬ್ಲಮ್' ಅನ್ನೂ ಮಾತನ್ನೇ ಹಿಡ್ಕಂಡು, ಇಂಗ್ಲಿಷರ ತಣ್ಣನೆ ಸ್ವಭಾವ ನೋಡಿ ಅಂತಾರೆ. ನನ್ನ ಕಣ್ಣಿಗೆ ಬೀಳೂದು ಅದರ ಮುಂದಿನ ಮಾತು. ನಾಲ್ಕೂ ಎಂಜಿನ್ ನಿಂತಿವೆ. ಮುಚ್ಚಿಟ್ಟಿಲ್ಲ ಆ ಮನುಷ್ಯ. ಎಂತಾ ಆಗಿದೆ ಹೇಳಿದ, ಎಂತಾ ಮಾಡ್ತಾ ಇದ್ದೇನೆ ಅದನ್ನೂ ಹೇಳಿದ. ನಾವು ಕಲ್ತದ್ದು ಬರೀ ಮೊದಲ್ನೇ ವಾಕ್ಯ, ಉಳಿದದ್ದೆಲ್ಲ ಬಿಟ್ಟೇಬಿಟ್ಟೆವು.

ವಿಮಾನದ ಮಾತು ಯಾಕೆ, ನಮ್ಮಲ್ಲೇ ಇದ್ದಾರೆ ಅಂಥವ್ರು. ಒಂದು ಜುಲೈಲಿ ಕುಮಟೆಯಿಂದ ಶಿರಸಿಗೆ ಸರ್ಕಾರಿ ಬಸ್ಸಲ್ಲಿ ಹೊರಟಿದ್ದೆ, ಜಡಿ ಮಳೆ, ದೇವಿಮನೆ ಘಟ್ಟದಲ್ಲಿ ಬಸ್ ನಿಂತು ಹೋಯ್ತು. ಡ್ರೈವರ್ ಇಳಿದು ಕೊಡೆ ಹಿಡ್ಕಂಡು ಮುಂದೆ ಹೋಗಿ ನೋಡ್ಕಂಡು ಬಂದ್ರು, ಪ್ಯಾಂಟು ಮೊಣಕಾಲ ತನಕ ಕೆಂಪು ಮಣ್ಣು. ಮೆಟ್ಲ ಮೇಲೆ ನಿಂತು ಹೇಳಿದ್ರು: "ಎಲ್ಲರೂ ಕೇಳಿ, ಸಣ್ಣ ಪ್ರಾಬ್ಲಮ್ ಆಗಿದೆ. ಮುಂದಿನ ತಿರುವಲ್ಲಿ ಧರೆ ಕುಸ್ದಿದೆ, ರಸ್ತೆ ಪೂರಾ ಬಂದ್. ಕತಗಾಲದಿಂದ ಜೆಸಿಬಿ ಹೊರಟಿದೆಯಂತೆ. ಕಮ್ಮಿ ಅಂದ್ರೂ ಎರಡು ತಾಸು. ಇಲ್ಲಿ ಮೇಲೆ ಧರೆ ಇದೆ, ನಾನು ಬಸ್ಸನ್ನ ಹಿಂದೆ ಅಗಲ ಇದ್ದಲ್ಲಿಗೆ ತಗೊಳ್ತೇನೆ, ಯಾರೂ ಇಳೀಬೇಡಿ. ಶಿರಸೀಲಿ ಅರ್ಜೆಂಟ್ ಇದ್ದವ್ರು ಈಗಲೇ ಫೋನ್ ಮಾಡಿ, ಮುಂದೆ ನೆಟ್‌ವರ್ಕ್ ಸಿಗೂದಿಲ್ಲ."

ಬಸ್ಸಲ್ಲಿ ಒಬ್ರೂ ಗಲಾಟೆ ಮಾಡ್ಲಿಲ್ಲ. ನನ್ನ ಮುಂದಿನ ಸೀಟಲ್ಲಿ ಇಂಟರ್‌ವ್ಯೂಗೆ ಹೊರಟ ಹುಡುಗಿ ಇದ್ದಳು, ಕೂಡಲೇ ಫೋನ್ ಮಾಡಿ ಮಧ್ಯಾಹ್ನಕ್ಕೆ ಟೈಮ್ ಕೇಳ್ಕಂಡಳು, ಕೊಟ್ರು. ಹಿಂದೆ ಯಾರೋ ಚಕ್ಲಿ ಪೊಟ್ಟಣ ಬಿಚ್ಚಿ ಮಕ್ಕಳಿಗೆ ಹಂಚಿದ್ರು. ಎರಡು ತಾಸು ಅಂದದ್ದು ಮೂರು ತಾಸಾಯ್ತು, ಆದ್ರೂ ಯಾರ ಮುಖದಲ್ಲೂ ಸಿಟ್ಟಿರ್ಲಿಲ್ಲ. ಆ ಡ್ರೈವರ್ ಹೇಳಿದ್ದು, ಆ ಕ್ಯಾಪ್ಟನ್ ಹೇಳಿದ್ದು ಒಂದೇ ಅಚ್ಚಲ್ಲಿ ತೆಗೆದ ಹಾಗೆ ಇತ್ತು.

ನಮ್ಮ ಭಾಷೆಲೂ ಕೆಟ್ಟದ್ದನ್ನ ನೇರ ಹೇಳದಿರೂ ಕ್ರಮ ಇದೆಯಲ್ಲ. ದೀಪ ಆರಿಸು ಅನ್ನೂದಿಲ್ಲ, ದೊಡ್ಡದು ಮಾಡು ಅಂತೇವೆ. ಹೋಗ್ತೇನೆ ಅನ್ನೂದಿಲ್ಲ, ಬರ್ತೇನೆ ಅಂತೇವೆ. ನಮ್ಮ ಜಿಲ್ಲೆಯಲ್ಲಂತೂ ಯಾರನ್ನ ಎಂತಾ ಕೇಳಿದ್ರೂ 'ಅಡ್ಡಿಲ್ಲೆ'. ಆರೋಗ್ಯ ಹೇಗಿದೆ, ಅಡ್ಡಿಲ್ಲೆ. ಮಳೆಗೆ ಅಡಕೆ ಕೊಳೆ ಬಂದು ಅರ್ಧ ತೋಟ ಹೋಗಿರ್ತದೆ, ಕೇಳಿದ್ರೆ ಅಡ್ಡಿಲ್ಲೆ. ಆದ್ರೆ ಅಲ್ಲಿ ಯಾರೂ ಮೋಸ ಹೋಗೂದಿಲ್ಲ. ದೀಪ ದೊಡ್ಡದು ಮಾಡು ಅಂದ್ರೆ ಮನೆ ಸಣ್ಣ ಮಗುವಿಗೂ ಗೊತ್ತು ಎಂತಾ ಮಾಡ್ಬೇಕು ಅಂತ. ಅಡ್ಡಿಲ್ಲೆ ಅನ್ನೂದನ್ನ ಎಳೆದು ಹೇಳಿದ್ರೋ, ಚುಟುಕಾಗಿ ಹೇಳಿದ್ರೋ, ಮುಖ ಬೇರೆ ಕಡೆ ತಿರುಗಿಸಿ ಹೇಳಿದ್ರೋ ಅನ್ನೂದ್ರಲ್ಲೇ ಕೇಳಿದವ್ರಿಗೆ ಎಲ್ಲ ತಿಳೀತದೆ. ಹೇಳೋರು ಕೇಳೋರು ಇಬ್ರೂ ಒಂದೇ ಒಲೆ ಸುತ್ತ ಬೆಳೆದವ್ರು. 'ಸ್ಮಾಲ್ ಪ್ರಾಬ್ಲಮ್' ಹಾಗಲ್ಲ, ಅದು ಕೌಂಟರಿನ ಈಚೆ ಒಂದು, ಆಚೆ ಇನ್ನೊಂದು.

ಇಂಗ್ಲಿಷ್ ಆಡೋರ ನಡುವೆಯೇ ಹೀಗೆ ಆಗಿದೆ ನೋಡಿ. 1951ರ ಏಪ್ರಿಲ್, ಕೊರಿಯಾ ಯುದ್ಧ, ಇಮ್ಜಿನ್ ನದಿ ಹತ್ರ ಬ್ರಿಟಿಷ್ ಗ್ಲಾಸ್ಟರ್ ದಳವನ್ನ ಚೀನೀ ಸೈನ್ಯ ಸುತ್ತುವರಿದಿತ್ತು. ಮೇಲಿನ ಅಮೆರಿಕನ್ ಜನರಲ್ ಹೇಗಿದೆ ಅಂತ ಕೇಳಿದ್ರೆ ಬ್ರಿಟಿಷ್ ಬ್ರಿಗೇಡಿಯರ್ 'ಸ್ವಲ್ಪ ಅಂಟಂಟಾಗಿದೆ ಸರ್' ಅನ್ನೂ ಅರ್ಥದ ಮಾತು ಹೇಳಿದ್ರಂತೆ. ಅವ್ರ ಊರಲ್ಲಿ ಅದಕ್ಕೆ ಪ್ರಾಣಕ್ಕೆ ಬಂದಿದೆ ಅಂತ ಅರ್ಥ. ಅಮೆರಿಕದವ್ರಿಗೆ ಸ್ವಲ್ಪ ಕಷ್ಟ ಇದೆ, ತಡ್ಕೊಳ್ತಾರೆ ಅಂತ ಕೇಳಿಸ್ತು. ಆ ದಳದ ಐನೂರಕ್ಕಿಂತ ಹೆಚ್ಚು ಜನ ಸೆರೆ ಸಿಕ್ಕಿದ್ರು.

ಇನ್ನೊಂದು ಇದಕ್ಕಿಂತ ಸಂಕಟದ್ದು. 1990ರ ಜನವರಿ 25, ಕೊಲಂಬಿಯಾದ ಏವಿಯಾಂಕಾ ವಿಮಾನ ನ್ಯೂಯಾರ್ಕಲ್ಲಿ ಇಳೀಲಿಕ್ಕೆ ಸರದಿ ಕಾಯ್ತಾ ಒಟ್ಟು 77 ನಿಮಿಷ ಸುತ್ತು ಹೊಡೀತು. ಇಂಧನ ಮುಗೀತಾ ಬಂತು. ಪೈಲಟ್‌ಗಳು ನಮಗೆ ಪ್ರಯಾರಿಟಿ ಬೇಕು ಅಂದ್ರು, ಇಂಧನ ಖಾಲಿಯಾಗ್ತಾ ಇದೆ ಅಂತಲೂ ಅಂದ್ರು, ಆದ್ರೆ ಎಮರ್ಜೆನ್ಸಿ ಅನ್ನೂ ಒಂದು ಶಬ್ದ ಮಾತ್ರ ಬಾಯಿಂದ ಬರ್ಲೇ ಇಲ್ಲ. ಕೆಳಗಿದ್ದವ್ರು ಅದನ್ನ ಮಾಮೂಲಿ ಮಾತು ಅಂದ್ಕೊಂಡ್ರು. ನಾಲ್ಕೂ ಎಂಜಿನ್ ನಿಂತು ಲಾಂಗ್ ಐಲೆಂಡಿನ ಗುಡ್ಡಕ್ಕೆ ಬಿತ್ತು, 158 ಜನರಲ್ಲಿ 73 ಜನ ಹೋದ್ರು. ಬಿದ್ದಾಗ ಬೆಂಕಿ ಕೂಡ ಹತ್ತಲಿಲ್ಲ, ಹತ್ಲಿಕ್ಕೆ ಟ್ಯಾಂಕಲ್ಲಿ ಎಣ್ಣೆ ಎಲ್ಲಿತ್ತು. ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೆ ತೊಳಸಿದ ಹಾಗೆ ಆಗ್ತದೆ.

ನಮ್ಮ ಅಪ್ಪಂದೂ ಒಂದು ಇದೆ, ಚಿಕ್ಕದಾಗಿ ಹೇಳ್ತೇನೆ. ಒಂದು ಆಸ್ಪತ್ರೆಲಿ ಅಡ್ಮಿಟ್ ಮಾಡಿದ್ವು, ದಿನಾ ಕೇಳಿದ್ರೆ "ಸ್ವಲ್ಪ ಇಶ್ಯೂ ಇದೆ, ನೋಡ್ತಾ ಇದ್ದೇವೆ". ನಾವು ಸ್ವಲ್ಪ ಅಂದ್ರೆ ಸ್ವಲ್ಪವೇ ಅಂತ ನಂಬ್ಕಂಡು ಕೂತ್ವು. ಮೂರನೇ ದಿನ ಸಂಜೆ ಇಲ್ಲಿ ಆಗೂದಿಲ್ಲ, ಮಣಿಪಾಲಕ್ಕೆ ತಗೊಂಡು ಹೋಗಿ ಅಂದ್ರು. ದೊಡ್ಡ ಕಾಯಿಲೆ ಅಂದ್ರೆ ನಮ್ಮ ಜಿಲ್ಲೆಯವ್ರ ಪಾಡು ನಿಮಗೆಲ್ಲ ಗೊತ್ತಿದ್ದದ್ದೇ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ, ಎಲ್ಲಿಗೆ ಹೋಗೂದಿದ್ರೂ ಗಂಟೆಗಟ್ಲೆ ದಾರಿ. ಅಷ್ಟು ದೂರ ಹೋಗ್ಬೇಕಾದ ಜನರಿಗೆ ಮೊದಲ್ನೇ ದಿನ ಹೇಳೂದು, ಮೂರನೇ ದಿನ ಹೇಳೂದು ಒಂದೇ ಅಲ್ಲ. ಅಪ್ಪ ಉಳ್ಕಂಡ್ರು, ದೇವ್ರು ದೊಡ್ಡವ. ಆದ್ರೆ ಆ ಆ್ಯಂಬುಲೆನ್ಸಲ್ಲಿ ಅಮ್ಮ "ಸ್ವಲ್ಪ ಅಂದಿದ್ರಲ್ಲ, ಸ್ವಲ್ಪ ಅಂದಿದ್ರಲ್ಲ" ಅಂತ ದಾರಿಯುದ್ದಕ್ಕೂ ಹೇಳ್ತಾ ಇದ್ದದ್ದು ಈಗಲೂ ಕಿವೀಲಿ ಇದೆ.

ನನ್ನ ಜೊತೆ ಕಲಿತ ಗೆಳೆಯ ಒಬ್ಬ ಕಾರವಾರ ಬೈತಖೋಲದಲ್ಲಿ ಬೋಟಿನ ತಾಂಡೇಲ, ಅಂದ್ರೆ ಮೀನು ಬೋಟು ನಡೆಸೂ ಮುಖ್ಯಸ್ಥ. ಇದನ್ನೆಲ್ಲ ಅವ್ನ ಹತ್ರ ಹೇಳಿದಾಗ ಅವ ಅಂದ, ಸಮುದ್ರದಲ್ಲಿ ಇದಕ್ಕೆಲ್ಲ ಆಸ್ಪದವೇ ಇಲ್ಲ ಮಾರಾಯಾ ಅಂತ. ವೈರ್‌ಲೆಸ್‌ನ 16ನೇ ಚಾನೆಲಲ್ಲಿ ಮೂರು ಸಲ ಮೇಡೇ ಅನ್ಬೇಕು, ಬೋಟಿನ ಹೆಸ್ರು, ಎಲ್ಲಿದ್ದೇವೆ, ಎಂತಾ ಆಗಿದೆ, ಎಂತಾ ಸಹಾಯ ಬೇಕು, ಎಷ್ಟು ಜನ. ಅಷ್ಟೇ. ಪ್ರಾಣಕ್ಕೆ ಬರ್ಲಿಲ್ಲ, ಆದ್ರೂ ಅರ್ಜೆಂಟ್ ಅಂದ್ರೆ ಮೇಡೇ ಬದ್ಲು ಪ್ಯಾನ್ ಪ್ಯಾನ್ ಅಂತ ಬೇರೇನೇ ಶಬ್ದ ಇದೆ. ಸಣ್ಣದು ಯಾವ್ದು, ದೊಡ್ಡದು ಯಾವ್ದು ಅನ್ನೂದನ್ನ ಹೇಳೋರ ಸಂಕೋಚಕ್ಕೆ ಬಿಟ್ಟೇ ಇಲ್ಲ. "ಕೂಗಾಡಿದ್ರೆ ಆಚೆಯವ್ನಿಗೆ ಅರ್ಥ ಆಗೂದಿಲ್ಲ, ಅದಕ್ಕೆ ನಿಧಾನಕ್ಕೇ ಹೇಳ್ಬೇಕು, ಆದ್ರೆ ಎಲ್ಲಾ ಹೇಳ್ಬೇಕು" ಅಂದ ಅವ.

ಈಗ ನಾನು ಕೌಂಟರಲ್ಲಿ ಹಾಗೇ ಮಾಡ್ತೇನೆ. ಸ್ಮಾಲ್ ಪ್ರಾಬ್ಲಮ್ ಅನ್ನೂದನ್ನ ಬಿಟ್ಟಿಲ್ಲ, ಬಿಡೂದೂ ಇಲ್ಲ, ಒಳ್ಳೆ ಮಾತು ಅದು. ಅದರ ಬೆನ್ನಿಗೇ ಎಂತಾ ಆಗಿದೆ, ತಪ್ಪು ಯಾರದ್ದು, ಎಷ್ಟು ದಿನ ಹಿಡೀತದೆ, ನೀವೆಂತಾ ಮಾಡ್ಬೇಕು ಅಂತ ಹೇಳ್ತೇನೆ, ವಯಸ್ಸಾದವ್ರಿಗೆ ಚೀಟೀಲಿ ಬರ್ದು ಕೊಡ್ತೇನೆ, ಮನೇಲಿ ಮೊಮ್ಮಕ್ಕಳು ಓದಿ ಹೇಳ್ತಾರೆ. ನಾಳೆ ಬಂದ್ರೂ ಆಗದ ಕೆಲಸಕ್ಕೆ ನಾಳೆ ಬನ್ನಿ ಅನ್ನೂದಿಲ್ಲ. ಒಬ್ಬೊಬ್ರಿಗೆ ನಾಲ್ಕು ನಿಮಿಷ ಹೆಚ್ಚಿಗೆ ಹೋಗ್ತದೆ, ಹೋಗ್ಲಿ. ಸರ್ಕಾರಿ ಆಫೀಸಲ್ಲಿ, ಬ್ಯಾಂಕಲ್ಲಿ, ಆಸ್ಪತ್ರೆಲಿ ಕೌಂಟರಿನ ಈಚೆ ಕೂತ ನನ್ನಂಥವ್ರು ಇದನ್ನ ಓದ್ತಾ ಇದ್ರೆ ಕೈ ಮುಗ್ದು ಕೇಳ್ತೇನೆ, ಎರಡನೇ ವಾಕ್ಯ ನುಂಗಬೇಡಿ.

ಹೋದ ನವೆಂಬರಲ್ಲಿ ಆ ಅಜ್ಜಿ ಮತ್ತೆ ಬಂದಿದ್ರು, ಜೊತೆಗೆ ಕೇರಿಯ ಇನ್ನೊಬ್ರನ್ನೂ ಕರ್ಕಂಡು. ಆ ಇನ್ನೊಬ್ರಿಗೆ ಕಣ್ಣಿನ ಪೊರೆ ಆಪರೇಶನ್ ಆಗಿ ವಾರ ಆಗಿತ್ತು, ಒಂದು ಕಣ್ಣಿಗೆ ಪಟ್ಟಿ, ಮೊಬೈಲ್ ಮುಖ ತಗೊಳ್ಳಿಲ್ಲ. ನಾನು "ಅಮ್ಮಾ, ಒಂದು ಸ್ಮಾಲ್ ಪ್ರಾಬ್ಲಮ್ ಇದೆ" ಅಂದೆ. ಅವ್ರು ಗಾಬರಿಯಲ್ಲಿ ಎದ್ದು ನಿಂತ್ರು. ನಮ್ಮ ಅಜ್ಜಿ ಅವ್ರ ಸೆರಗು ಹಿಡ್ದು ಎಳೆದು ಬೆಂಚಿನ ಮೇಲೆ ಕೂರಿಸಿದ್ರು.

"ಕೂತ್ಕ, ಈಗ ಎಂತಾ ಅಂತ ಹೇಳ್ತಾನೆ."