ಒಂದು ಡಜನ್ ಫಾಲ್

‘ರೀ, ಇದಕ್ಕೆ ಮ್ಯಾಚ್ ಆಗೋ ಫಾಲ್ ಒಂದು ತನ್ನಿ. ವೈನ್ ಕಲರ್ ಅನ್ನಿ, ಕೊಡ್ತಾರೆ’ ಎಂದು ಹೆಂಡತಿ ಹೆಬ್ಬೆರಳಗಲದ ಬಟ್ಟೆಚೂರನ್ನು ನನ್ನ ಜೇಬಿಗಿಟ್ಟಳು. ವೈನನ್ನು ಲೋಟದಲ್ಲಿ ನೋಡಿದ್ದೆ, ಸೀರೆಯಲ್ಲಿ ನೋಡಿದ್ದು ಅವತ್ತೇ.

ನೆಲದಡಿ ತಣ್ಣಗೆ ಕರೆತಂದ ಮೆಟ್ರೋ, ಚಿಕ್ಕಪೇಟೆಯಲ್ಲಿ ನನ್ನನ್ನು ಎಸ್ಕಲೇಟರಿಗೆ ಹಾಕಿ ಮೇಲಕ್ಕೊಗೆಯಿತು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ. ಎತ್ತಿನಗಾಡಿ ಕಾಲದ ಓಣಿಯಲ್ಲೀಗ ಸ್ಕೂಟರು, ಟೆಂಪೋ, ಬಟ್ಟೆಬೇಲು ಹೊತ್ತ ಹಮಾಲಿ, ಮಧ್ಯೆ ನಾನು. ‘ಸೈಡ್, ಸೈಡ್’ ಅಂದವರಿಗೆಲ್ಲ ಸರಿದು ಸರಿದು ಯಾವುದೋ ಅಂಗಡಿಯೊಳಗೇ ಬಿದ್ದಿದ್ದೆ. ಪುಣ್ಯಕ್ಕೆ ಫಾಲ್ ಅಂಗಡಿ.

‘ಹೋಲ್‌ಸೇಲ್ ಸಾರ್. ಡಜನ್ ಆದ್ರೆ ಕೊಡ್ತೀನಿ.’

‘ನನಗಿರೋಳು ಒಬ್ಬಳೇ ಹೆಂಡತಿ.’

ಅವರು ನಗಲಿಲ್ಲ. ಕ್ಯುಆರ್ ಕೋಡಿನ ಹಲಗೆಯನ್ನು ನನ್ನ ಕಡೆ ತಿರುಗಿಸಿದರು.

ಟ್ಯೂಬ್‌ಲೈಟಿನಡಿ ಚೂರೂ ಫಾಲೂ ಅವಳಿಜವಳಿ. ‘ಬಿಸಿಲಲ್ಲೊಂದ್ಸಲ ನೋಡ್ಕೊಳ್ಳಿ’ ಅಂದರು, ಧರ್ಮಾತ್ಮರು. ಹೊಸ್ತಿಲಿಗೆ ಬಂದೆ. ಎರಡೂ ಕಡೆ ಎತ್ತರದ ಕಟ್ಟಡ, ನಡುವೆ ಸಿಕ್ಕುಗಟ್ಟಿದ ಜಡೆಯಂಥ ಕೇಬಲ್ಲು; ಆಕಾಶವೆಂಬುದು ಸೀರೆ ಅಂಚಿನಷ್ಟೇ ಅಗಲ. ಹಿಂದಿನಿಂದ ‘ಸೈಡ್’ ಬಂತು. ದುಡ್ಡು ಕೊಟ್ಟು ಹೊರಟೆ.

ಅವೆನ್ಯೂ ರಸ್ತೆಯಲ್ಲೂ ನಿಲ್ಲಲು ಜಾಗವಿರಲಿಲ್ಲ. ಹಿಂದೆ ಅದಕ್ಕೆ ದೊಡ್ಡಪೇಟೆ ಎಂದು ಹೆಸರು. ಯಾವ ಲೆಕ್ಕದಲ್ಲಿ ದೊಡ್ಡದೋ! ಜನರೇ ನನ್ನನ್ನು ನೂಕಿಕೊಂಡು ಕೆ.ಆರ್. ಮಾರ್ಕೆಟ್ ದಾಟಿಸಿದರು. ಕೊನೆಗೆ ಧಾರಾಳವಾಗಿ ಬಿಸಿಲು ಸಿಕ್ಕಿದ್ದು, ಸೆಖೆ ತಪ್ಪಿಸಿಕೊಳ್ಳಲೆಂದೇ ಕಟ್ಟಿಸಿದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ಟಿಕೆಟ್ ತೆಗೆದುಕೊಂಡು ಒಳಹೋದೆ. 1781ರಲ್ಲಿ ಹೈದರಾಲಿ ಶುರುಮಾಡಿದ್ದನ್ನು ಮಗ 1791ರಲ್ಲಿ ಮುಗಿಸಿದನಂತೆ. ಅದೇ ವರ್ಷ ಬ್ರಿಟಿಷರ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನೇ ಹಿಡಿದ. ಮನೆ ಕಟ್ಟಿಸಿದವರ ಪಾಡು ಆಗಲೂ ಅಷ್ಟೇ.

ಮರದ ಕಂಬಗಳೆದುರಿನ ಹುಲ್ಲಿನ ಮೇಲೆ ಫಾಲ್ ಬಿಡಿಸಿ, ಚೂರನ್ನು ಪಕ್ಕಕ್ಕಿಟ್ಟೆ. ಚೂರು ವೈನಾಗಿಯೇ ಇತ್ತು. ಫಾಲ್ ಮಾತ್ರ ಗುಂಡು ಬದನೆಕಾಯಿ. ಇನ್ನೊಂದು ಬಿಡಿಸಿದೆ, ಅದೂ ಬದನೆಕಾಯಿ. ಅದೇ ಕಟ್ಟಿನದು ಬೇರೆ ಬಣ್ಣವಿರುತ್ತದೆಯೇ? ಆದರೂ ಆಸೆ, ನಾಲ್ಕನ್ನು ಬಿಡಿಸಿದೆ. ವಾಪಸ್ ಕೊಡೋಣವೆಂದರೆ ಬಿಲ್ಲಿಲ್ಲ, ಅಂಗಡಿಯ ಹೆಸರೂ ನೋಡಿರಲಿಲ್ಲ. ಫೋನಿನ ಮ್ಯಾಪು ತೆರೆದರೆ, ಬೆಳಗ್ಗೆ ನಾನು ಮೂರು ಕಟ್ಟಡಗಳ ಗೋಡೆ ತೂರಿ ಓಡಾಡಿದ್ದೆನೆಂದು ತೋರಿಸುತ್ತಿತ್ತು.

ಸಾಲಾಗಿ ಹರವಿದ ಫಾಲ್‌ಗಳ ಮುಂದೆ ತಲೆಮೇಲೆ ಕೈಹೊತ್ತು ಕೂತಿದ್ದಾಗ, ಅರಮನೆ ನೋಡಲು ಬಂದಿದ್ದ ಹೆಂಗಸೊಬ್ಬರು ಬಗ್ಗಿ ಒಂದನ್ನೆತ್ತಿ, ಬೆರಳಲ್ಲಿ ಉಜ್ಜಿ ನೋಡಿದರು.

‘ಚೆನ್ನಾಗಿದೆ. ಒಂದಕ್ಕೆ ಎಷ್ಟಪ್ಪ?’

‘ಹೋಲ್‌ಸೇಲ್ ಮೇಡಂ’ ಅಂದೆ, ‘ಡಜನ್ ಆದ್ರೆ ಕೊಡ್ತೀನಿ.’